ಕಾರು ಕಲಿಯುವವರಿಗೆ ಕೆಲವು ಮಾತು

ದೊಡ್ಡವರಾದ ಮೇಲೆ ಏನನ್ನು ಕಲಿಯಬೇಕೆಂದಿದ್ದೀರಿ ಎಂದು ತರಗತಿಯಲ್ಲಿ ಕೇಳಿದಾಗ, ಉಳಿದ ಉತ್ತರಗಳು ಹೇಗೇ ಇರಲಿ, ಕಾರು ನಡೆಸುವುದನ್ನು ಕಲಿಯಬೇಕೆಂಬ ಉತ್ತರ ಬಂದೇ ಬರುತ್ತದೆ. ಇದರಲ್ಲಿ ಬಾಲಿಕೆಯರೂ ಹಿಂದೆ ಬಿದ್ದಿಲ್ಲ. ಕೊಯಾಲಿಯ ಮಕ್ಕಳಿಗೆ ಇದು ಸಹಜವೇ. 1965ರಲ್ಲಿ ಕಾರ್ಯಾರಂಭ ಮಾಡಿದ ಇಲ್ಲಿನ ತೈಲ ಶುದ್ಧೀಕರಣಾಗಾರದಿಂದಾಗಿ ಟ್ಯಾಂಕರುಗಳ ಸಾಲು ನಮಗೆ ನಿತ್ಯದ ನೋಟ. ವಡೋದರೆಯನ್ನು ಹಾಯುವ 48ನೆಯ ರಾಷ್ಟ್ರೀಯ ಹೆದ್ದಾರಿಯಾದರೋ ಸೂರತ್, ಮುಂಬಯಿ, ಪುಣೆಗಳನ್ನು ಮುಟ್ಟಿ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಮೇಲೆ ಬೆಂಗಳೂರಿಗೆ ಹೋಗುತ್ತದೆ. ಇದೇ ದಾರಿಯಲ್ಲಿ ಒಂದು ದಿನ ತಾನೇ ಕಾರು ನಡೆಸಿಕೊಂಡು ಹೋಗಿ ಅಜ್ಜಿಯ ಮನೆಯ ಮುಂದೆ ನಿಲ್ಲಿಸಬೇಕೆಂಬ ಕನಸು ಯಾರಿಗಿಲ್ಲ? ಆ ಕನಸಿನಲ್ಲಿ ನಿಲ್ಲಿಸುವ ಮಾತು ಕೊನೆಗೆ ಬರುತ್ತದೆ. ಕಲಿಕೆಯಲ್ಲಿ ಅದು ಮೊದಲು ಬರಬೇಕು.

ನಾವು ಕಾರು ಕಲಿತದ್ದು ಮೂವತ್ತು ದಾಟಿದ ಮೇಲೆ. ಮೊದಲ ದಿನ ಕಾಲ ಬಳಿಯ ಮೂರು ತುಳಿಗಳನ್ನು ಕಂಡು, ಎರಡು ಕಾಲಿನ ಮನುಷ್ಯನಿಗೆ ಮೂರೇಕೆ ಎಂದು ಯೋಚಿಸಿದೆವು. ಎಡಗಡೆಯದು ಕ್ಲಚ್ಚು, ನಡುವಿನದು ಬ್ರೇಕು, ಬಲಗಡೆಯದು ಆಕ್ಸಿಲರೇಟರ್. ಎಡಗಾಲಿಗೆ ಕ್ಲಚ್ಚೊಂದೇ ಕೆಲಸ, ಉಳಿದೆರಡೂ ಬಲಗಾಲಿನವು. ಓಡಿಸುವುದು ಮತ್ತು ನಿಲ್ಲಿಸುವುದು ಒಂದೇ ಕಾಲಿನ ಪಾಲಿಗೆ ಬಂದಿರುವುದರಿಂದ ಎರಡನ್ನೂ ಒಟ್ಟಿಗೆ ತುಳಿಯುವ ಪ್ರಮಾದ ತಪ್ಪುತ್ತದೆ. ಎಂಜಿನ್ನಿಗೂ ಗಾಲಿಗಳಿಗೂ ಇರುವ ಸಂಬಂಧವನ್ನು ಬಿಡಿಸುವುದೂ ಕೂಡಿಸುವುದೂ ಕ್ಲಚ್ಚಿನ ಕೆಲಸ. ತಿರುಗುತ್ತಿರುವ ಎಂಜಿನ್ನನ್ನು ನಿಂತ ಗಾಲಿಗೆ ಥಟ್ಟನೆ ಕೂಡಿಸಿದರೆ ಗಾಲಿಯ ಜಡತ್ವವೇ ಗೆದ್ದು ಎಂಜಿನ್ನು ನಿಂತುಹೋಗುತ್ತದೆ. ನಮ್ಮ ಕಾರು ಆ ದಿನ ಹನ್ನೊಂದು ಬಾರಿ ನಿಂತಿತು. "ಧೀಮೇ, ಸಾಹೇಬ್, ಧೀಮೇ" ಎಂಬ ಬೋಧಕರ ಮಾತು ಈಗಲೂ ಕಿವಿಯಲ್ಲಿದೆ. ಕ್ಲಚ್ಚನ್ನು ಮೆಲ್ಲಗೆ ಬಿಡುತ್ತ ಬಂದರೆ ಒಂದೆಡೆಯಲ್ಲಿ ಎಂಜಿನ್ನಿನ ದನಿ ತಗ್ಗಿ ಕಾರು ಸಣ್ಣಗೆ ನಡುಗುತ್ತದೆ; ಅಲ್ಲಿ ಪಾದವನ್ನು ಕ್ಷಣಕಾಲ ತಡೆಯಬೇಕು. ಇದನ್ನು ಪುಸ್ತಕದಿಂದ ಕಲಿಯಲಾಗದು, ಪಾದವೇ ಕಲಿಯಬೇಕು. ಗೇರು ಬದಲಿಸುವುದು, ಹಿಂದಕ್ಕೆ ನಡೆಸುವುದು, ಕನ್ನಡಿ ನೋಡುವುದು ಇವೆಲ್ಲವೂ ಅಭ್ಯಾಸದಿಂದ ಕೈವಶವಾಗುತ್ತವೆ.

ಕಾರಿನ ಚರಿತ್ರೆಯ ಆರಂಭದಲ್ಲೇ ಬ್ರೇಕಿನ ಮಾತು ಬರುತ್ತದೆ. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ 1886ರಲ್ಲಿ ಪೇಟೆಂಟು ಪಡೆದನು. 1888ರ ಆಗಸ್ಟಿನಲ್ಲಿ ಅವನ ಪತ್ನಿ ಬರ್ಥಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು, ಗಂಡನಿಗೆ ತಿಳಿಸದೆಯೇ, ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತನ್ನ ತವರಿಗೆ ಸುಮಾರು 100 ಕಿಲೋಮೀಟರು ಗಾಡಿ ನಡೆಸಿದಳು. ಆಗ ಪೆಟ್ರೋಲು ಬಂಕುಗಳೆಲ್ಲಿ? ಇಂಧನವನ್ನು ದಾರಿಯ ಔಷಧದಂಗಡಿಯಲ್ಲಿ ಕೊಳ್ಳಬೇಕಾಯಿತು. ಏರಿನಲ್ಲಿ ಮಕ್ಕಳು ಗಾಡಿಯನ್ನು ತಳ್ಳಿದರು. ಇಳಿಜಾರಿನಲ್ಲಿ ಮರದ ಬ್ರೇಕುಕಟ್ಟೆಗಳು ಸವೆಯತೊಡಗಲು, ಆಕೆ ಒಬ್ಬ ಚಮ್ಮಾರನಿಂದ ಅವುಗಳಿಗೆ ತೊಗಲು ಹೊಡೆಸಿದಳು. ಮುನ್ನಡೆಯುವ ಯಂತ್ರವನ್ನು ಬೆಂಜ್ ನಿರ್ಮಿಸಿದನು. ಅದು ನಂಬಿಕೆಯಿಂದ ನಿಲ್ಲುವಂತೆ ಮಾಡಿದವಳು ಬರ್ಥಾ ಎಂದರೆ ಅತಿಶಯೋಕ್ತಿ ಆಗಲಾರದೆಂದು ನಮ್ಮ ಭಾವನೆ.

ಬ್ರೇಕು ಎಷ್ಟೇ ಉತ್ತಮವಾಗಿರಲಿ, ತುಳಿದ ಸ್ಥಳದಲ್ಲೇ ಕಾರು ನಿಲ್ಲುವುದಿಲ್ಲ. ಒಂಬತ್ತನೆಯ ತರಗತಿಯ ಚಲನೆಯ ಪಾಠವನ್ನು ನೆನೆಯಿರಿ. ಗಂಟೆಗೆ 36 ಕಿಲೋಮೀಟರು ಎಂದರೆ ಸೆಕೆಂಡಿಗೆ 10 ಮೀಟರು. ಅಡ್ಡಬಂದುದನ್ನು ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆಯಿತೆನ್ನೋಣ. ಕಾರು ಆಗಲೇ 10 ಮೀಟರು ಮುಂದೆ ಹೋಗಿರುತ್ತದೆ. ಆಮೇಲೆ ಸೆಕೆಂಡು ಸೆಕೆಂಡಿಗೂ ವೇಗವು ಸೆಕೆಂಡಿಗೆ 5 ಮೀಟರಿನಂತೆ ಕುಗ್ಗುವುದೆಂದು ಹಿಡಿದರೆ ನಿಲ್ಲಲು ಮತ್ತೆ 10 ಮೀಟರು ಬೇಕು. ಒಟ್ಟು 20. ಇನ್ನು ವೇಗವನ್ನು 72ಕ್ಕೆ ಏರಿಸಿ ಲೆಕ್ಕ ಮಾಡಿರಿ: ಯೋಚನೆಯ ಸೆಕೆಂಡಿನಲ್ಲಿ 20 ಮೀಟರು, ಬ್ರೇಕಿನಲ್ಲಿ 40, ಒಟ್ಟು 60. ವೇಗ ಎರಡರಷ್ಟಾದರೆ ದೂರ ಮೂರರಷ್ಟಾಯಿತು. ಮಳೆ ಬಿದ್ದ ರಸ್ತೆಯಲ್ಲಿ ಇದು ಇನ್ನೂ ಬೆಳೆಯುತ್ತದೆ.

ಈ ಲೆಕ್ಕವು ನಮಗೆ ಹಲಗೆಯ ಮೇಲೆ ಎಂದೋ ತಿಳಿದಿತ್ತು. ರಸ್ತೆಯ ಮೇಲೆ ತಿಳಿದದ್ದು ಒಂದು ಜನವರಿ 15ರಂದು. ಉತ್ತರಾಯಣದ ಮರುದಿನ, ಗುಜರಾತಿನಲ್ಲಿ ವಾಸಿ ಉತ್ತರಾಯಣ ಎನ್ನುವ ದಿನ, ಜನರೆಲ್ಲ ಮಾಳಿಗೆಗಳ ಮೇಲಿರುವರು, ರಸ್ತೆ ಬರಿದಾಗಿರುವುದೆಂದು ನಾವು ಅಭ್ಯಾಸಕ್ಕೆ ಹೊರಟೆವು. ವೇಗ 20ನ್ನು ಮೀರಿರಲಿಲ್ಲ. ಕಡಿದ ಗಾಳಿಪಟವೊಂದು ತೇಲುತ್ತ ಬಂದಿತು. ಅದರ ಹಿಂದೆ, ಮುಖವನ್ನು ಆಕಾಶಕ್ಕೆತ್ತಿ, ನಿಂತ ಟೆಂಪೋ ಒಂದರ ಮರೆಯಿಂದ ಹತ್ತು ವರ್ಷದ ಬಾಲಕನೊಬ್ಬ ರಸ್ತೆಗೆ ಓಡಿಬಂದನು. ನಮ್ಮ ಕಾಲು ಆಕ್ಸಿಲರೇಟರಿನ ಮೇಲೆಯೇ ಕಲ್ಲಾಗಿತ್ತು. ಕಲಿಕೆಯ ಕಾರುಗಳಲ್ಲಿ ಬೋಧಕರ ಕಾಲ ಬಳಿ ಇನ್ನೊಂದು ಬ್ರೇಕು ಇರುತ್ತದೆ; ಅವರು ಅದನ್ನು ತುಳಿದರು. ಕಾರಿಗೂ ಬಾಲಕನಿಗೂ ನಡುವೆ ಒಂದು ಮೊಳವಿದ್ದೀತು. ಅವನು ಪಟವನ್ನೆತ್ತಿಕೊಂಡು ನಮ್ಮ ಕಡೆ ನೋಡದೆಯೇ ಹೋದನು. ಬಹಳ ಹೊತ್ತಿನವರೆಗೆ ನಮಗೆ ಮಾತು ಹೊರಡಲಿಲ್ಲ.

ಇದನ್ನು ಬರೆಯಲು ಕಾರಣವುಂಟು. ತಂದೆ ರಾತ್ರಿಪಾಳಿ ಮುಗಿಸಿ ಮಲಗಿರುವಾಗ ಬೀಗದ ಕೈ ತೆಗೆದುಕೊಂಡು ಕಾಲೊನಿಯಲ್ಲಿ ಒಂದು ಸುತ್ತು ಹೋಗಿಬರಬಹುದೆಂಬ ಆಲೋಚನೆ ನಿಮ್ಮಲ್ಲಿ ಕೆಲವರಿಗೆ ಬಂದಿರುವುದನ್ನು ನಾವು ಬಲ್ಲೆವು. ಆ ಕಾರಿನಲ್ಲಿ ಎರಡನೆಯ ಬ್ರೇಕು ಇರುವುದಿಲ್ಲ. ಕಾನೂನಿನಂತೆ ಕಾರಿಗೆ 18 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯಾದ ಮೇಲೆ, ಅಪ್ರಾಪ್ತರು ಗಾಡಿ ನಡೆಸಿ ಅಪರಾಧವಾದರೆ ಪೋಷಕರಿಗೆ ಅಥವಾ ಒಡೆಯರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ 25,000 ರೂಪಾಯಿ ದಂಡ ಉಂಟು. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ತಪ್ಪಿತಸ್ಥರಿಗೆ 25 ತುಂಬುವವರೆಗೆ ಲೈಸೆನ್ಸು ದೊರೆಯದು. ಸುತ್ತು ಮಗನದು, ಸೆರೆಮನೆ ತಂದೆಯದು.

ಹದಿನೆಂಟಾದ ಮೇಲೆ ಮೊದಲು ಕಲಿಕೆಯ ಲೈಸೆನ್ಸು ಪಡೆಯಬೇಕು. ಅದು ಆರು ತಿಂಗಳು ನಡೆಯುತ್ತದೆ; 30 ದಿನ ಕಳೆದ ಮೇಲೆ ಚಾಲನೆಯ ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ಗಾಡಿಯ ಹಿಂದೆ ಮುಂದೆ ಬಿಳಿಯ ಹಿನ್ನೆಲೆಯಲ್ಲಿ ಕೆಂಪು 'ಎಲ್' ಅಕ್ಷರವಿರಬೇಕು, ಮಗ್ಗುಲಲ್ಲಿ ಲೈಸೆನ್ಸುಳ್ಳ ಬೋಧಕರಿರಬೇಕು.

ಈಗಲೇ ಮಾಡಬಹುದಾದ ಅಭ್ಯಾಸಗಳೂ ಇವೆ. ಊರಿಗೆ ಹೋಗುವಾಗ ತಂದೆಯ ಪಕ್ಕದಲ್ಲಿ, ಬೆಲ್ಟು ಬಿಗಿದುಕೊಂಡು, ಮುಂದಿನ ಟ್ಯಾಂಕರನ್ನು ಗಮನಿಸಿರಿ. ಅದು ಒಂದು ಕಂಬವನ್ನು ದಾಟಿದ ಕ್ಷಣದಿಂದ ನಿಮ್ಮ ಕಾರು ಅದೇ ಕಂಬವನ್ನು ಮುಟ್ಟುವವರೆಗೆ ಸೆಕೆಂಡುಗಳನ್ನು ಎಣಿಸಿರಿ. ಮೂರಕ್ಕಿಂತ ಕಡಿಮೆಯಾದರೆ ತಂದೆಯವರಿಗೆ ವಿನಯದಿಂದ ತಿಳಿಸಿರಿ. ಇನ್ನೊಂದು, ಲೈಸೆನ್ಸು ಬೇಡುವವರು ಒಳ್ಳೆಯ ಬೆಳಕಿನಲ್ಲಿ 25 ಮೀಟರು ದೂರದ ನಂಬರು ಫಲಕವನ್ನು ಓದಬಲ್ಲವರಾಗಿರಬೇಕು. ಶಾಲೆಯ ಅಂಗಳದಲ್ಲಿ ಇದನ್ನು ಅಳೆದು ನೋಡಿರಿ. ಕೊನೆಯ ಬೆಂಚಿನಿಂದ ಕಣ್ಣು ಕಿರಿದುಗೊಳಿಸಿ ಹಲಗೆಯನ್ನು ನೋಡುವ ಮೂವರು ಯಾರೆಂಬುದು ನಮಗೆ ಗೊತ್ತಿದೆ. ಅವರು ಈ ರಜೆಯಲ್ಲೇ ಕಣ್ಣಿನ ವೈದ್ಯರನ್ನು ಕಂಡುಬರಲಿ.