ಬೆಳಕುಂಡು ಓಡುವ ರೇಸ್ ವಾಚು

ಕಿಬ್ಬನಹಳ್ಳಿ ಕ್ರಾಸ್ ದಾಟಿ ತಿಪಟೂರಿನ ಕಡೆ ಬಿ.ಎಚ್. ರಸ್ತೆಯಲ್ಲಿ ಕಾರು ಹೊರಟಿದೆ ಎನ್ನಿ. ಒಂದು ಕಿಲೋಮೀಟರ್ ಕಲ್ಲು ಬಂದಾಗ ವಾಚಿನ ಗುಂಡಿ ಒತ್ತಿ, ಮುಂದಿನ ಕಲ್ಲಿಗೆ ನಿಲ್ಲಿಸಿ. ಮುಳ್ಳು 45 ಸೆಕೆಂಡು ಓಡಿದ್ದರೆ ವೇಗ ಗಂಟೆಗೆ 80 ಕಿ.ಮೀ. 3600ನ್ನು 45ರಿಂದ ಭಾಗಿಸುವ ತಾಪತ್ರಯ ನಿಮಗಿಲ್ಲ. ಉತ್ತರವನ್ನು ವಾಚಿನ ಅಂಚಿನ ಬಳೆಯ ಮೇಲೇ ಕೆತ್ತಿರುತ್ತಾರೆ. ಅದೇ ಟ್ಯಾಕಿಮೀಟರ್. ಗುಂಡಿ ಒತ್ತುವ ಕೆಲಸ ಪಕ್ಕದ ಸೀಟಿನವರದ್ದಾಗಿರಲಿ, ಅಷ್ಟೆ.

ರೇಸ್ ವಾಚಿನ ಈ ವೇಷ ಹಳೆಯದು. ಸ್ವಿಟ್ಜರ್ಲೆಂಡಿನ ಹಾಯರ್ ಕಂಪನಿ 1963ರಲ್ಲಿ ಮೆಕ್ಸಿಕೋದ ರಸ್ತೆ ರೇಸಿನ ಹೆಸರನ್ನೇ ಹೊತ್ತ ಕ್ಯಾರೆರಾವನ್ನು ತಂದಾಗ ಅದು ಕೀಲಿ ಕೊಟ್ಟು ಓಡಿಸುವ ವಾಚು. ಬೆಳಕಿನಿಂದ ಓಡುವ ವಾಚಿನ ಕಥೆ ಬೇರೆ, ಮತ್ತು ನನಗೆ ಹೆಚ್ಚು ರುಚಿಸುವುದು ಅದೇ. ಏಕೆಂದರೆ ಅದು ನಮ್ಮ ತುಮಕೂರಿನ ಪಕ್ಕದಲ್ಲೇ ಹಾದುಹೋಗಿದೆ.

1961ರಲ್ಲಿ ಎಚ್ಎಂಟಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ಕಲಿತದ್ದು ಜಪಾನಿನ ಸಿಟಿಜನ್ ಕಂಪನಿಯಿಂದ. ಮುಂದೆ ತುಮಕೂರಿನಲ್ಲೂ ಎಚ್ಎಂಟಿ ವಾಚು ಕಾರ್ಖಾನೆ ಎದ್ದಿತು. ಅತ್ತ ಗುರು ಸುಮ್ಮನಿರಲಿಲ್ಲ. 1976ರಲ್ಲಿ ಸಿಟಿಜನ್, ಬೆಳಕಿನಿಂದಲೇ ಮುಳ್ಳು ತಿರುಗಿಸುವ ಕ್ವಾರ್ಟ್ಜ್ ವಾಚನ್ನು ಹೊರತಂದಿತು. ಆದರೆ ಸೌರಕೋಶಗಳು ಡಯಲ್ ಮೇಲೇ ಎದ್ದು ಕಾಣುತ್ತಿದ್ದವು. ವಾಚಿಗಿಂತ ಅವೇ ದೊಡ್ಡದಾಗಿ ಕಂಡರೆ ಕೊಳ್ಳುವವರಾರು? ಕೋಶವನ್ನು ಡಯಲ್ ಕೆಳಗೆ ಬಚ್ಚಿಡಬೇಕು, ಡಯಲ್ಲು ಬಣ್ಣವನ್ನೂ ತೋರಿಸಬೇಕು, ಬೆಳಕನ್ನೂ ಒಳಬಿಡಬೇಕು. ಬಹುಕಾಲ ಕಾಡಿದ ಕಗ್ಗಂಟು ಇದು. ಅದನ್ನು ಬಿಡಿಸಿದ ಸಿಟಿಜನ್ನಿನ ಇಕೋ-ಡ್ರೈವ್ ಬಂದದ್ದು 1995ರಲ್ಲಿ. ಕೋಶ ಹಿಡಿದ ವಿದ್ಯುತ್ತು ಮರುಚಾರ್ಜ್ ಆಗುವ ಪುಟ್ಟ ಸೆಲ್ಲಿಗೆ ಸೇರುತ್ತದೆ. ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳು ಕಾಲವನ್ನು ಎಣಿಸುತ್ತದೆ. ಒಮ್ಮೆ ತುಂಬಿದರೆ ತಿಂಗಳುಗಟ್ಟಲೆ ಓಡುತ್ತದೆ.

ರೇಸ್ ವಾಚಿಗೆ ಇದನ್ನು ಕೂಡಿಸುವುದು ಇನ್ನೂ ಕಷ್ಟ. ಮೂರು ಕಿರುಡಯಲ್‌ಗಳು ಬೆಳಕಿನ ಜಾಗ ತಿನ್ನುತ್ತವೆ, ಸ್ಟಾಪ್‌ವಾಚು ಹೆಚ್ಚು ಕರೆಂಟು ಬೇಡುತ್ತದೆ. ಅದನ್ನೂ ಸಾಧಿಸಿದರು. 2011ರಲ್ಲಿ ಬುದ್ಧ ಸರ್ಕ್ಯೂಟ್‌ನಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ರೇಸನ್ನು ವೆಟೆಲ್ ಗೆದ್ದಾಗ, ಅವರ ರೆಡ್ ಬುಲ್ ತಂಡದೊಂದಿಗೆ ಇದ್ದದ್ದು ಕ್ಯಾಸಿಯೋ ಕಂಪನಿಯ ಎಡಿಫಿಸ್ ವಾಚು ಸಾಲು. ಆ ಸಾಲಿನಲ್ಲಿ ಸೌರ ವಾಚುಗಳೂ ಇವೆ. ಅದೇ ವರ್ಷ ನಮ್ಮ ಟೈಟಾನ್ ಕೂಡ ಎಚ್‌ಟಿಎಸ್ಇ ಎಂಬ ಬೆಳಕಿನ ವಾಚು ತಂದಿತು. ಎಚ್ಎಂಟಿ ಮಾತ್ರ ಕೀಲಿಯ ಕಾಲದಲ್ಲೇ ಹೆಚ್ಚು ಹೊತ್ತು ನಿಂತಿತು. 2016ರಲ್ಲಿ ಎಚ್ಎಂಟಿ ವಾಚಸ್ ಮುಚ್ಚುವ ತೀರ್ಮಾನವಾಯಿತು, ತುಮಕೂರಿನ ಕಾರ್ಖಾನೆ ಜಾಗ ಇಸ್ರೋ ಪಾಲಾಯಿತು. ಬೆಳಕಿನಿಂದ ವಿದ್ಯುತ್ತು ಹಿಡಿಯುವ ಉಪಗ್ರಹಗಳನ್ನು ಹಾರಿಸುವ ಸಂಸ್ಥೆ ಅಲ್ಲಿಗೆ ಬಂತೆಂಬುದು ಕಾಕತಾಳೀಯವಿರಬಹುದು.

ನನ್ನ ಅಭಿಪ್ರಾಯ ಕೇಳಿದರೆ, ಟ್ಯಾಕಿಮೀಟರ್ ಈಗ ಶೋಕಿಯೇ. ವೇಗ ತೋರಿಸಲು ಕಾರಿನ ಮೀಟರ್ ಇದೆ. ಕಾಸು ಕೊಡಬೇಕಾದದ್ದು ಡಯಲ್ ಕೆಳಗಿನ ಕೋಶಕ್ಕೆ. ಕೊಂಡವರಿಗೆ ಒಂದೇ ಮಾತು: ನಮ್ಮ ಉಂಡೆ ಕೊಬ್ಬರಿಯ ಹಾಗೆ ಅಟ್ಟದ ಕತ್ತಲಲ್ಲಿ ತಿಂಗಳುಗಟ್ಟಲೆ ಇಟ್ಟರೆ ಇದು ಮಾಗುವುದಿಲ್ಲ, ನಿಂತುಹೋಗುತ್ತದೆ. ತುಂಬುತೋಳಿನ ಅಂಗಿಯಡಿ ಮುಚ್ಚದೆ ಕಟ್ಟಿಕೊಳ್ಳಿ. ಬಿಚ್ಚಿಟ್ಟಾಗ ಕಿಟಕಿಯ ಬಳಿ ಡಯಲ್ ಮೇಲಾಗಿರಲಿ.