ಕಗ್ಗಂಟು

ಎರಡು ಪಕ್ಷಗಳ ಮಾತುಕತೆ ಮುಂದೆ ಸಾಗದೆ ನಿಂತಾಗ ನಮ್ಮ ಪತ್ರಿಕೆಗಳು ‘ಕಗ್ಗಂಟು’ ಎಂದು ಬರೆಯುತ್ತವೆ. ಈ ಮಾತಿನ ರಚನೆಯಲ್ಲಿ ಗೂಢವೇನೂ ಇಲ್ಲ. ‘ಕಡು’ ಎಂಬುದು ಗಂಟಿನೊಡನೆ ಕೂಡುವಾಗ ಕೊನೆಯ ಉಕಾರವನ್ನು ಕಳೆದುಕೊಳ್ಳುತ್ತದೆ. ಉಳಿದ ಡಕಾರ ಮುಂದಿನ ಗಕಾರದಲ್ಲಿ ಕರಗಿ ಅದನ್ನು ಒತ್ತಕ್ಷರವಾಗಿಸುತ್ತದೆ. ಕಗ್ಗತ್ತಲೆ, ಕಗ್ಗಾಡು, ಕಗ್ಗೊಲೆ ಇದೇ ಅಚ್ಚಿನವು.

ಸ್ವಾರಸ್ಯವಿರುವುದು ಗಂಟಿನಲ್ಲಿ. ಕನ್ನಡಿಗರಿಗೆ ಗಂಟು ಸದಾ ಕೇಡಿನ ಮಾತಲ್ಲ. ಕೂಡಿಟ್ಟ ಹಣ ಗಂಟು, ಒಮ್ಮೆಗೇ ಕೈಗೆ ಬರುವ ಮೊತ್ತ ಇಡುಗಂಟು, ಮದುವೆಯದು ಬ್ರಹ್ಮಗಂಟು. ಮುನಿದವನು ಹುಬ್ಬು ಗಂಟಿಕ್ಕುತ್ತಾನೆ. ಬೇಡವೆಂದರೂ ಕೆಲವರು ಗಂಟುಬೀಳುತ್ತಾರೆ. ಸಂಸ್ಕೃತದಲ್ಲಿ ಗಂಟಿಗೆ ಗ್ರಂಥಿ ಎನ್ನುತ್ತಾರಷ್ಟೆ. ಅದು ಹುಟ್ಟಿದ ಧಾತುವಿನಿಂದಲೇ ‘ಗ್ರಂಥ’ವೂ ಹುಟ್ಟಿತು. ನಮ್ಮ ಕೆಲವು ಗ್ರಂಥಗಳು ಕಗ್ಗಂಟಾಗಿರುವುದು ಹಾಗಾದರೆ ಅಕಾರಣವಲ್ಲ! ಎಳೆದೊಡನೆ ಬಿಚ್ಚಿಕೊಳ್ಳಲೆಂದು ಹಾಕುವ ಜೀರುಗುಣಿಕೆಯ ಬಗೆಯೇ ಬೇರೆ. ಕಗ್ಗಂಟನ್ನು ಯಾರೂ ಬೇಕೆಂದು ಹಾಕುವುದಿಲ್ಲ. ಸಿಕ್ಕಾದ ಹಗ್ಗವನ್ನು ಎರಡು ತುದಿಗಳಿಂದಲೂ ಜಗ್ಗಿದಾಗ ಅದು ತಾನಾಗಿ ಬಿಗಿಯುತ್ತದೆ. ಜಗ್ಗಿದಷ್ಟೂ ಎಳೆಗಳ ನಡುವಣ ಘರ್ಷಣೆ ಹೆಚ್ಚಿ ಗಂಟು ಕಲ್ಲಾಗುತ್ತದೆ. ಬಲ ಪ್ರಯೋಗಿಸುವವರು ಇಬ್ಬರಿರಬೇಕು ಎಂಬುದು ಈ ಮಾತಿನ ಜೀವಾಳವೆಂದು ನಾನು ತಿಳಿದಿದ್ದೇನೆ.

ಇಂಗ್ಲಿಷಿನವರ ರೂಪಕ ಬೇರೆ. ಅವರ ‘ಲಾಕ್’ ಬೀಗವೂ ಹೌದು, ಜಟ್ಟಿಗಳ ಪಟ್ಟೂ ಹೌದು. ‘ಡೆಡ್‌ಲಾಕ್’ ಬರಹದಲ್ಲಿ ಮೊದಲು ಕಾಣಿಸಿಕೊಳ್ಳುವುದು ಷೆರಿಡನ್ನನ 1779ರ ಪ್ರಹಸನ ‘ದಿ ಕ್ರಿಟಿಕ್’ನಲ್ಲಿ. ಅಲ್ಲಿ ಇಬ್ಬರು ಯುವತಿಯರು ಒಬ್ಬನ ಮೇಲೆ ಕಠಾರಿ ಎತ್ತುತ್ತಾರೆ. ಅವರ ಹಿರಿಯರಿಬ್ಬರು ಆ ಕೈಗಳನ್ನು ತಡೆದು ತಮ್ಮ ಕತ್ತಿಗಳನ್ನು ಅವನತ್ತ ತಿರುಗಿಸುತ್ತಾರೆ. ಅವನೋ ಎರಡು ಕಠಾರಿಗಳನ್ನು ಯುವತಿಯರ ಎದೆಗೆ ಹಿಡಿಯುತ್ತಾನೆ. ಮೊದಲು ಕೈಬಿಡಲು ಪ್ರತಿಯೊಬ್ಬರಿಗೂ ಅಂಜಿಕೆ. ಕೊನೆಗೆ ಕಾವಲಿನವನೊಬ್ಬ ರಾಣಿಯ ಹೆಸರಿನಲ್ಲಿ ಆಜ್ಞಾಪಿಸಿದ ಮೇಲಷ್ಟೇ ಆಯುಧಗಳು ಕೆಳಗೆ ಬೀಳುತ್ತವೆ. ನಗೆಗಾಗಿ ಹೂಡಿದ ಸನ್ನಿವೇಶ, ನಿಜ. ಆದರೆ ಕಗ್ಗಂಟಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಕಂಡಿಲ್ಲ.

‘ಬಿಕ್ಕಟ್ಟು’ ಇದರ ನೆರೆಯ ಮಾತಾದರೂ ಇದೇ ಅಲ್ಲ. ಬರದ ವರ್ಷ ಊರಿಗೆ ನೀರಿಲ್ಲದಿದ್ದರೆ ಅದು ಬಿಕ್ಕಟ್ಟು. ಅದಕ್ಕೆ ಎದುರಾಳಿ ಬೇಕಾಗಿಲ್ಲ. ಆ ನೀರಿಗಾಗಿ ಎರಡು ಊರುಗಳು ಪಟ್ಟು ಹಿಡಿದು ಕುಳಿತರೆ ಕಗ್ಗಂಟು.

ಒಬ್ಬನೇ ಹಿಡಿದ ಹಟಕ್ಕೂ, ಕಚೇರಿಯ ಮೇಜಿನ ಮೇಲೆ ಮಲಗಿದ ಕಡತಕ್ಕೂ ಕಗ್ಗಂಟೆನ್ನುವ ಈಗಿನ ವಾಡಿಕೆ ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಇನ್ನೊಂದು ತುದಿಯನ್ನು ಜಗ್ಗುವವರೇ ಇಲ್ಲ. ಹಾಗೆ ಕರೆದಾಗ, ತಡಮಾಡಿದವನ ಹೊಣೆಯಲ್ಲಿ ಅರ್ಧ ಪಾಲು ಬಾಗಿಲಲ್ಲಿ ಕಾದು ಕುಳಿತವನ ತಲೆಗೆ ಬೀಳುತ್ತದೆ.