ದೇವತೆಗಳ ಪಾಲು, ಮೂಗಿನ ಪರೀಕ್ಷೆ

ಇರಕಲ್ಲಗಡದ ಕಡೆ ಬಿರು ಬೇಸಿಗೆಯಲ್ಲಿ ಮಣ್ಣಿನ ಹರವಿಗೆ ನೀರು ತುಂಬಿ ನೆರಳಲ್ಲಿಡಿ. ಯಾರೂ ಮುಟ್ಟದಿದ್ದರೂ ನಾಲ್ಕು ದಿನ ಕಳೆಯುವಷ್ಟರಲ್ಲಿ ನೀರಿನ ಮಟ್ಟ ಇಳಿದಿರುತ್ತದೆ. ಹರವಿಯ ಸೂಕ್ಷ್ಮ ರಂಧ್ರಗಳಿಂದ ಒಸರಿದ ನೀರು ಗಾಳಿಗೆ ಆವಿಯಾಗುತ್ತದೆ. ಆವಿಯಾಗುವಾಗ ಶಾಖವನ್ನು ಹೀರಿಕೊಂಡು ಒಳಗಿನ ನೀರನ್ನು ತಂಪಾಗಿಸುತ್ತದೆ. ಕೊಪ್ಪಳ ಸೀಮೆಯ ಮಕ್ಕಳಿಗೆ ಈ ಪಾಠ ಪುಸ್ತಕದಿಂದಲೇ ಬರಬೇಕೆಂದಿಲ್ಲ. ಇದೇ ಆವಿಯ ಆಟ ಬೆಂಗಳೂರಿನ ಒಂದು ಕಾರ್ಖಾನೆಗೆ ನಷ್ಟವನ್ನೂ ತಂದಿತು, ಜಗತ್ತಿನಲ್ಲಿ ಹೆಸರನ್ನೂ ತಂದಿತು ಎಂದರೆ ಅಚ್ಚರಿಯಾಗಬಹುದು!

ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿದ ಮೇಲೆ ಸಿಗುವ ಕಂಬೀಪುರದಲ್ಲಿ ಅಮೃತ್ ಡಿಸ್ಟಿಲರೀಸ್ ಇದೆ. ರಾಧಾಕೃಷ್ಣ ಜಗದಾಳೆ ಅವರು 1948ರಲ್ಲಿ ಸ್ಥಾಪಿಸಿದ ಸಂಸ್ಥೆ ಇದು. ಭಾರತದ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಮೊದಲ ಬಾರಿಗೆ ಸ್ಕಾಟ್ಲೆಂಡಿನ ನೆಲದಲ್ಲೇ ಮಾರಾಟಕ್ಕಿಟ್ಟವರು ಇವರು. ಕುಡಿತದ ಮಾತು ವಿದ್ಯಾರ್ಥಿಗಳಿಗೇಕೆ ಎಂದು ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜವೇ. ಆದರೆ ಈ ಕಾರ್ಖಾನೆಯನ್ನು ಒಂದು ಸುತ್ತು ಹಾಕಿದರೆ ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಸಾಲಾಗಿ ಎದುರಾಗುತ್ತವೆ.

ಮೊಳಕೆಯಿಂದ ಆರಂಭ

ಸಿಂಗಲ್ ಮಾಲ್ಟ್ ಎಂದರೆ ಒಂದೇ ಭಟ್ಟಿಯಲ್ಲಿ, ಮೊಳಕೆ ಕಟ್ಟಿದ ಬಾರ್ಲಿಯಿಂದ ಮಾತ್ರ ತಯಾರಾದದ್ದು. ಮಾಲ್ಟ್ ಮಾಡುವುದು ನಮ್ಮ ಮನೆಗಳಿಗೆ ಹೊಸದೇನಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಹುರಿದು ಕೂಸಿಗೆ ಹಿಟ್ಟು ಮಾಡುವ ಅಜ್ಜಿ ಮಾಡುವುದೂ ಅದನ್ನೇ. ಕಾಳು ಮೊಳೆಯುವಾಗ ಅಮೈಲೇಸ್ ಎಂಬ ಕಿಣ್ವ ಎಚ್ಚರಗೊಂಡು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಮೊಳಕೆ ಹಿಟ್ಟಿನ ಗಂಜಿ ತೆಳುವಾಗಿ, ತುಸು ಸಿಹಿಯಾಗಿ ಇರುವುದು ಇದರಿಂದಲೇ.

ಕಾರ್ಖಾನೆಯಲ್ಲಿ ಈ ಸಿಹಿ ರಸಕ್ಕೆ ಯೀಸ್ಟ್ ಸೇರಿಸುತ್ತಾರೆ. ಅದು ಸಕ್ಕರೆಯನ್ನು ತಿಂದು ಆಲ್ಕೊಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ನಂತರ ತಾಮ್ರದ ದೊಡ್ಡ ಹಂಡೆಗಳಲ್ಲಿ ಎರಡು ಸಲ ಬಟ್ಟಿ ಇಳಿಸುತ್ತಾರೆ. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ ಎಥನಾಲ್ ಸುಮಾರು 78 ಡಿಗ್ರಿಗೇ ಕುದಿಯುತ್ತದೆ. ಈ ಅಂತರವೇ ಬಟ್ಟಿಯ ಗುಟ್ಟು. ಮೊದಲು ಬರುವ ಭಾಗವನ್ನೂ ಕೊನೆಯ ಭಾಗವನ್ನೂ ಬೇರ್ಪಡಿಸಿ, ನಡುವಿನದನ್ನು ಮಾತ್ರ ಪೀಪಾಯಿಗೆ ತುಂಬುತ್ತಾರೆ. ತಾಮ್ರಕ್ಕೂ ಇಲ್ಲೊಂದು ಕೆಲಸವಿದೆ. ಕೆಟ್ಟ ವಾಸನೆ ಕೊಡುವ ಗಂಧಕದ ಸಂಯುಕ್ತಗಳನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ.

ಆವಿಯ ಲೆಕ್ಕ

ಹಂಡೆಯಿಂದ ಇಳಿದ ದ್ರವ ನೀರಿನಷ್ಟೇ ತಿಳಿ. ಬಣ್ಣ ಮತ್ತು ಬಹುಪಾಲು ಪರಿಮಳ ಬರುವುದು ಒಳಮೈ ಸುಟ್ಟ ಓಕ್ ಮರದ ಪೀಪಾಯಿಯಿಂದ. ಅಮೆರಿಕದ ಬರ್ಬನ್ ಮದ್ಯಕ್ಕೆ ಹೊಸ ಪೀಪಾಯಿಯೇ ಆಗಬೇಕೆಂಬ ಕಾನೂನಿದೆ. ಹೀಗಾಗಿ ಅಲ್ಲಿ ಒಮ್ಮೆ ಬಳಸಿದ ಪೀಪಾಯಿಗಳು ಲೋಕದ ಇತರ ಭಟ್ಟಿಗಳಿಗೆ ಬರುತ್ತವೆ.

ಮರದ ಪೀಪಾಯಿಯೂ ಹರವಿಯಂತೆ ಉಸಿರಾಡುತ್ತದೆ. ಆವಿಯಾಗಿ ಹೋದ ಭಾಗವನ್ನು ಸ್ಕಾಟ್ಲೆಂಡಿನವರು 'ದೇವತೆಗಳ ಪಾಲು' ಎನ್ನುತ್ತಾರೆ. ಅಲ್ಲಿನ ಚಳಿಯಲ್ಲಿ ಅದು ವರ್ಷಕ್ಕೆ ಸುಮಾರು ಶೇ. 2. ಬೆಂಗಳೂರಿನಲ್ಲಿ ಶೇ. 10ರಿಂದ 12!

ವಿದ್ಯಾರ್ಥಿಗಳೇ, ಇದನ್ನೇ ಒಂದು ಲೆಕ್ಕವಾಗಿ ಮಾಡಿ. ಇದು ಚಕ್ರಬಡ್ಡಿಯ ತಲೆಕೆಳಗಾದ ರೂಪ. 200 ಲೀಟರಿನ ಪೀಪಾಯಿಯಿಂದ ವರ್ಷಕ್ಕೆ ಶೇ. 11 ಹೋದರೆ ನಾಲ್ಕು ವರ್ಷಕ್ಕೆ ಉಳಿಯುವುದು ಸುಮಾರು 125 ಲೀಟರ್. ಎಂಟು ವರ್ಷಕ್ಕೆ ಬರೀ 79. ಶೇ. 2ರ ಲೆಕ್ಕದಲ್ಲಿ ಎಂಟು ವರ್ಷದ ನಂತರವೂ ಸುಮಾರು 170 ಲೀಟರ್ ಇರುತ್ತದೆ. ಅಮೃತ್ ಸಂಸ್ಥೆ ಎಂಟು ವರ್ಷ ಇಟ್ಟ ತನ್ನ ವಿಸ್ಕಿಗೆ 'ಗ್ರೀಡಿ ಏಂಜಲ್ಸ್', ಅಂದರೆ ದುರಾಸೆಯ ದೇವತೆಗಳು ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಆದರೆ ಕಳೆದುಕೊಂಡಲ್ಲೇ ಗಳಿಕೆಯೂ ಇದೆ. ಬಿಸಿಲಿನ ನಾಡಿನಲ್ಲಿ ದ್ರವ ಮರದೊಳಗೆ ಬೇಗ ಇಳಿದು ಬೇಗ ಮಾಗುತ್ತದೆ. ಸ್ಕಾಟ್ಲೆಂಡಿನಲ್ಲಿ ಹತ್ತು ಹನ್ನೆರಡು ವರ್ಷ ಹಿಡಿಯುವ ಮಾಗುವಿಕೆ ಇಲ್ಲಿ ನಾಲ್ಕೈದು ವರ್ಷದಲ್ಲೇ ಆಗುತ್ತದೆ.

ನಾಲಿಗೆಗಿಂತ ಮೂಗು ಮುಂದು

ರುಚಿ ನೋಡುವ ಕೆಲಸವೆಂದರೆ ಕುಡಿಯುವ ಕೆಲಸ ಎಂಬ ಕಲ್ಪನೆ ತಪ್ಪು. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ ಮಾತ್ರ. ಉಳಿದದ್ದೆಲ್ಲ ಮೂಗಿನ ಪಾಲು. ನೆಗಡಿಯಾದಾಗ ಬದನೆಕಾಯಿ ಎಣ್ಣೆಗಾಯಿಯೂ ಸಪ್ಪೆ ಎನಿಸುವುದು ಏಕೆಂದು ಈಗ ತಿಳಿಯಿತಲ್ಲ!

ಪರಿಣತರು ಬಾಯಿ ಕಿರಿದಾದ ಗಾಜಿನ ಲೋಟದಲ್ಲಿ ಸ್ವಲ್ಪ ತೆಗೆದುಕೊಂಡು, ನೀರು ಬೆರೆಸಿ ಸುಮಾರು ಶೇ. 20ರ ತೀಕ್ಷ್ಣತೆಗೆ ಇಳಿಸಿ ಮೂಸುತ್ತಾರೆ. ತೀಕ್ಷ್ಣ ಆಲ್ಕೊಹಾಲ್ ಮೂಗನ್ನು ಮರಗಟ್ಟಿಸುತ್ತದೆ ಎಂಬುದು ಕಾರಣ. ಬಾಯಿಗೆ ಹಾಕಿಕೊಂಡರೂ ಉಗುಳುವುದೇ ವಾಡಿಕೆ. ವೆನಿಲಾ ಪರಿಮಳ ಬಂದರೆ ಅದು ಓಕ್ ಮರದ ಲಿಗ್ನಿನ್ ಒಡೆದು ಹುಟ್ಟಿದ ವೆನಿಲಿನ್. ಕೊಬ್ಬರಿಯ ವಾಸನೆ ಓಕ್‌ನ ಲ್ಯಾಕ್ಟೋನ್. ಹಣ್ಣಿನ ಘಮ ಯೀಸ್ಟ್ ಕೊಟ್ಟ ಎಸ್ಟರ್. ಹೊಗೆಯ ವಾಸನೆ ಪೀಟ್ ಎಂಬ ಜೌಗುಮಣ್ಣಿನ ಬೆಂಕಿಯಲ್ಲಿ ಒಣಗಿದ ಬಾರ್ಲಿಯ ಫೀನಾಲ್. ಪಿಯುಸಿಯ ರಸಾಯನಶಾಸ್ತ್ರದ ಪಾಠವೇ ಇದು.

ಗ್ಲಾಸ್ಗೋಗೆ ಹೊರಟ ಧೈರ್ಯ

ಭಾರತದಲ್ಲಿ ವಿಸ್ಕಿ ಎಂದು ಮಾರುವ ಬಹುಪಾಲು ಮದ್ಯ ಕಾಕಂಬಿಯ ಆಲ್ಕೊಹಾಲಿನಿಂದ ಆದದ್ದು. ಯೂರೋಪಿನಲ್ಲಿ ಅದನ್ನು ವಿಸ್ಕಿ ಎಂದು ಕರೆಯುವಂತಿಲ್ಲ. ಆ ತಾತ್ಸಾರದ ಎದುರು ನಿಂತವರು ಸ್ಥಾಪಕರ ಮಗ ನೀಲಕಂಠ ರಾವ್ ಜಗದಾಳೆ. ಅವರ ಮಗ ರಕ್ಷಿತ್ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಎಂಬಿಎ ಓದುತ್ತಿದ್ದಾಗ, ಬ್ರಿಟನ್ನಿನಲ್ಲಿ ಭಾರತದ ಸಿಂಗಲ್ ಮಾಲ್ಟ್ ಮಾರಬಹುದೇ ಎಂಬುದನ್ನೇ ಅಧ್ಯಯನದ ವಿಷಯವಾಗಿ ತೆಗೆದುಕೊಂಡರು. ವಿದ್ಯಾರ್ಥಿಯ ಪ್ರಬಂಧವೊಂದು ಹೀಗೆ 2004ರ ಆಗಸ್ಟ್‌ನಲ್ಲಿ ಗ್ಲಾಸ್ಗೋದಲ್ಲಿ ಸರಕಾಗಿ ಬಿಡುಗಡೆಯಾಯಿತು!

ಮೊದಲ ವರ್ಷಗಳಲ್ಲಿ ಕೊಳ್ಳುವವರು ಕಡಿಮೆಯಿದ್ದರು. ಆದರೆ ಹೆಸರು ಮುಚ್ಚಿಟ್ಟು ಕೊಟ್ಟಾಗ ಇದು ಸ್ಕಾಟ್ಲೆಂಡಿನದಲ್ಲ ಎಂದು ಹೇಳುವುದು ಸುಲಭವಾಗಿರಲಿಲ್ಲ. ಕೊನೆಗೆ ಜಿಮ್ ಮರ್ರೆ ಅವರ 'ವಿಸ್ಕಿ ಬೈಬಲ್' 2010ರ ಆವೃತ್ತಿ ಅಮೃತ್ ಫ್ಯೂಷನ್‌ಗೆ ಜಗತ್ತಿನ ಮೂರನೆಯ ಸ್ಥಾನ ಕೊಟ್ಟಿತು. ಭಾರತದ ಬಾರ್ಲಿಗೆ ಸ್ಕಾಟ್ಲೆಂಡಿನ ಹೊಗೆಯ ಬಾರ್ಲಿಯನ್ನು ಕೂಡಿಸಿದ್ದರಿಂದ ಬಂದ ಹೆಸರು ಅದು. ನೀಲಕಂಠ ಜಗದಾಳೆ 2019ರಲ್ಲಿ ನಿಧನರಾದರು.

ಮನೆಯಲ್ಲಿ ಆಡಬೇಕಾದ ಮಾತು

ಇದನ್ನೆಲ್ಲ ಓದಿ ಕುಡಿತ ದೊಡ್ಡಸ್ತಿಕೆ ಎಂದು ಯಾರಾದರೂ ಭಾವಿಸಿದರೆ ಅನರ್ಥ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಗುವ ಮುನ್ನ ಅದು ಎಷ್ಟು ಮನೆಗಳ ಒಲೆ ಆರಿಸಿತ್ತು ಎಂಬುದು ಹಳ್ಳಿಯ ತಾಯಂದಿರಿಗೆ ಗೊತ್ತು. ಬಾಟಲಿಯ ಬೆಲೆ ಹೆಚ್ಚಾದ ಮಾತ್ರಕ್ಕೆ ಎಥನಾಲ್ ಬೇರೆಯಾಗುವುದಿಲ್ಲ. ಮದ್ಯ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿದೆ. ಆರೋಗ್ಯಕ್ಕೆ ಪೂರ್ಣ ಸುರಕ್ಷಿತವಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಇನ್ನೂ ಬೆಳೆಯುತ್ತಿರುವ ಹದಿಹರೆಯದ ಮಿದುಳಿಗಂತೂ ಅಪಾಯ ಹೆಚ್ಚು.

ಮಕ್ಕಳು ಕೇಳಿದಾಗ ಬಾಯಿ ಮುಚ್ಚಿಸುವುದಕ್ಕಿಂತ ಈ ಎರಡು ಮುಖಗಳನ್ನೂ ತಿಳಿಸಿ ಹೇಳುವುದು ಮೇಲು. ಹುದುಗುವಿಕೆಯ ಇದೇ ವಿದ್ಯೆ ಮೊಸರಿಗೂ ಇಡ್ಲಿ ಹಿಟ್ಟಿಗೂ ಪೆನಿಸಿಲಿನ್ ತಯಾರಿಕೆಗೂ ಬೇಕು. ವಾಸನೆ ಗುರುತಿಸುವ ತರಬೇತಾದ ಮೂಗಿಗೆ ಚಿಕ್ಕಮಗಳೂರು, ಕೊಡಗಿನ ಕಾಫಿಯ ಪರೀಕ್ಷೆಯಲ್ಲೂ ಸುಗಂಧ ದ್ರವ್ಯದ ತಯಾರಿಕೆಯಲ್ಲೂ ಕೆಲಸವಿದೆ. ಪೀಪಾಯಿಯ ಒಳಗೆ ಏನಾಗುತ್ತದೆ ಎಂದು ತಿಳಿಯಲು ಲೋಟ ಎತ್ತಬೇಕಾಗಿಲ್ಲ. ಪುಸ್ತಕ ತೆರೆದರೆ ಸಾಕು.